ಚಿಪ್ಪಿಲ್ಲದವಳ ಹೆಸರು

ಒಂದಾನೊಂದು ಕಡಲಿನ ತಳದಲ್ಲಿ ಒಬ್ಬಳು ಬಸವನಹುಳು ಇದ್ದಳಂತೆ. ಅವಳ ಜಾತಿಯವರಿಗೆಲ್ಲ ಇರುವ ಹಾಗೆ ಅವಳಿಗೂ ಬೆನ್ನ ಮೇಲೊಂದು ಮನೆ. ಮನೆ ಭಾರ, ಬಾಗಿಲು ಚಿಕ್ಕದು, ಒಳಗೆ ಕತ್ತಲು. ಒಂದು ದಿನ ಬೇಸತ್ತು, ಅದನ್ನು ಮರಳಿನ ಮೇಲೆ ಇಳಿಸಿ, ತಿರುಗಿ ನೋಡದೆ ನಡೆದುಬಿಟ್ಟಳಂತೆ. ದಾರಿಯಲ್ಲಿ ಏಡಿ ತಡೆದು ನಿಲ್ಲಿಸಿತು. “ಏನೇ, ಮನೆ ಎಲ್ಲಿ?” “ಬಿಟ್ಟು ಬಂದೆ.” “ಮನೆ ನೋಡಿ ತಾನೇ ನಾವು ನಿನ್ನ ಗುರುತು ಹಿಡೀತಿದ್ದದ್ದು. ಈಗ ನೀನು ಯಾರು ಅಂತ ತಿಳ್ಕೊಳ್ಳೋದು ಹೇಗೆ?” ಅವಳು ತನ್ನ ಬರಿ ಬೆನ್ನನ್ನು ಒಮ್ಮೆ ತಿರುಗಿ ನೋಡಿಕೊಂಡಳಂತೆ.

ಈ ಕತೆಯನ್ನು ನಮ್ಮಜ್ಜಿ ಕಟ್ಟಿದ್ದು ಅಕ್ಕನಿಗಾಗಿ. ಕಡಲ ಜೀವಿಗಳ ಸಂಶೋಧನಾಲಯದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಫೋನಿನಲ್ಲಿ ಒಂದು ಚಿತ್ರ ತಂದು ತೋರಿಸಿದ್ದಳು. ಬೆರಳುಗುರಿನಷ್ಟು ಉದ್ದದ, ಚಿಪ್ಪಿಲ್ಲದ ಕಡಲ ಬಸವನಹುಳು. ಬೆನ್ನ ತುಂಬ ಗೊಂಡೆ ಗೊಂಡೆಯಾಗಿ ಎದ್ದ ಸಣ್ಣ ಬೆರಳುಗಳು, ಒಂದೊಂದರ ಒಳಗೂ ಗುಲಾಬಿ ಬಣ್ಣ. ಅಜ್ಜಿ ಕನ್ನಡಕವನ್ನು ಮೂಗಿನ ತುದಿಗೆ ತಂದು ನೋಡಿ, “ಇದೇನೇ, ಬಟ್ಟೆ ಹಾಕ್ಕೊಳ್ಳದೆ ಒಡವೆ ಮಾತ್ರ ಹಾಕ್ಕೊಂಡಿದೆ” ಎಂದಳು. ಸಂಜೆಗೆ ಕತೆ ಸಿದ್ಧವಾಗಿತ್ತು.

ನಮ್ಮಿಬ್ಬರನ್ನೂ ಅಜ್ಜಿಯೇ ಸಾಕಿದ್ದು, ಅದರಲ್ಲಿ ಅರ್ಧ ಅನ್ನ ಹಾಕಿ, ಅರ್ಧ ಕತೆ ಹೇಳಿ. ಅಜ್ಜಿಯ ಕತೆಗೆ ಯಾರಾದರೂ ಹ್ಞೂಂಗುಟ್ಟುತ್ತಿರಬೇಕು, ಹ್ಞೂಂ ನಿಂತರೆ ಕತೆ ನಿಲ್ಲುತ್ತದೆ. ಅದು ಅಕ್ಕನ ಪಾಲಿನ ಕೆಲಸವಾಗಿತ್ತು. ನಾನು ಅಷ್ಟು ಹೊತ್ತಿಗೆ ಕತೆಯೊಳಗೆ ಎಲ್ಲೋ ಇಳಿದುಹೋಗಿ, ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದೆ. “ಇವಳಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಗೋಡೆ ಆದ್ರೆ ತೂಕಡಿಸಲ್ಲ” ಎಂದು ಅಜ್ಜಿ ರೇಗುತ್ತಿದ್ದಳು.

ಅಕ್ಕ ಜ್ವರ ಎಂದು ಆಸ್ಪತ್ರೆಗೆ ಹೋದವಳು ಹಿಂದಿರುಗಲಿಲ್ಲ. ಕೊನೆಯ ಸಲ ಸರಿಯಾಗಿ ಮಾತಾಡಿದ ಮಧ್ಯಾಹ್ನ ಅವಳು ನನ್ನ ಮಣಿಕಟ್ಟು ಹಿಡಿದು ಹೇಳಿದ್ದು ಮನೆಯ ವಿಷಯವಲ್ಲ, ಅಜ್ಜಿಯ ವಿಷಯವೂ ಅಲ್ಲ.

“ನನ್ನ ಗುಲಾಬಿ ಹುಳದ್ದು ಅರ್ಧಕ್ಕೆ ನಿಂತಿದೆ ಕಣೆ. ಅದು ಯಾರು ಅಂತ ಹೇಳಿ ಮುಗಿಸಿಬಿಡ್ತೀಯಾ?”

“ಹ್ಞೂಂ” ಎಂದೆ.

ಅಷ್ಟೇ. ಆಮೇಲೆ ನಡೆದದ್ದೆಲ್ಲ ನನಗೆ ಮೀನಿನ ತೊಟ್ಟಿಯ ಗಾಜಿನಾಚೆ ನಡೆದ ಹಾಗೆ. ಜನ ಬಂದರು, ಬಾಯಿ ಆಡಿಸಿದರು, ಹೋದರು. ನನ್ನ ಹೆಗಲ ಮೇಲೆ ಯಾರೋ ಕೈ ಇಟ್ಟರೆ, ಕೈ ಬೆಚ್ಚಗಿದೆ ಎಂದು ಗೊತ್ತಾಗುತ್ತಿತ್ತು, ಬೆಚ್ಚಗಾಗುತ್ತಿರಲಿಲ್ಲ. ಅಳು ಬರುತ್ತದೆಂದು ಎಲ್ಲರೂ ಕಾದರು. ನಾನೂ ಕಾದೆ. ಬರಲಿಲ್ಲ. ಕೆಲಸಕ್ಕೆ ಹೋದೆ.

ಕೆಲಸವೂ ಅದೇ ಸಂಶೋಧನಾಲಯದಲ್ಲಿ. ಅಕ್ಕ ಅಲ್ಲಿ ಸಂಶೋಧಕಿ, ನಾನು ಚಿತ್ರ ಬರೆಯುವವಳು. ಸೂಕ್ಷ್ಮದರ್ಶಕಕ್ಕೆ ಒಂದು ಕನ್ನಡಿಯ ಕೊಳವೆ ಜೋಡಿಸಿರುತ್ತಾರೆ. ಅದರಲ್ಲಿ ನೋಡಿದರೆ ಪ್ರಾಣಿಯೂ ಕಾಣುತ್ತದೆ, ಕಾಗದದ ಮೇಲೆ ನಮ್ಮ ಪೆನ್ಸಿಲ್ಲಿನ ಮೊನೆಯೂ ಕಾಣುತ್ತದೆ. ಒಂದರ ಮೇಲೆ ಒಂದು ಕೂತು ಕಂಡದ್ದನ್ನು ಗೆರೆಯಿಂದ ಸುತ್ತಿಬರಬೇಕು. ಉಳಿದ ಹೊತ್ತಿನಲ್ಲಿ ತೊಟ್ಟಿಗಳ ನೀರು ಬದಲಿಸುತ್ತೇನೆ. ನಮ್ಮ ಕೋಣೆಗೆ ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಗೋಡೆಯನ್ನು ನೋಡುತ್ತದೆ. ಗಾಳಿ ಊದುವ ಯಂತ್ರ ದಿನವಿಡೀ ಗೊರಗೊರ ಎನ್ನುತ್ತಿರುತ್ತದೆ. ಅಕ್ಕನ ಬಿಳಿ ಕೋಟು ಬಾಗಿಲ ಹಿಂದೆ ಇತ್ತು. ಅವಳ ರಬ್ಬರ್ ಬೂಟುಗಳು ಮೇಜಿನ ಕೆಳಗೆ ಇದ್ದವು.

ಸಂಶೋಧನಾಲಯದ ಮುಖ್ಯಸ್ಥರನ್ನು ನಾವೆಲ್ಲ ಸರ್ ಎನ್ನುತ್ತೇವೆ. ನಿವೃತ್ತಿಗೆ ಹತ್ತಿರವಾದವರು, ಮೆಲ್ಲಗೆ ಮಾತಾಡುವವರು. ಅವರು ಅಕ್ಕನ ಬರಹವನ್ನು ನನ್ನ ಮೇಜಿನ ಮೇಲಿಟ್ಟರು.

“ನೋಡಮ್ಮ, ಮುಕ್ಕಾಲು ಪಾಲು ಆಗಿದೆ. ಹೊಸ ಜಾತಿ ಅಂತಲೇ ಬರೆದಿದ್ದಾಳೆ. ಮೈ ವಿವರಣೆ ಇದೆ, ನೀನು ಬರೆದ ಹುಳದ ಹಲ್ಲಿನ ಚಿತ್ರ ಇದೆ. ಎಲ್ಲೆಲ್ಲಿ ಹರಡಿದೆ ಅನ್ನೋ ನಕ್ಷೆ ಒಂದು ಬಾಕಿ. ಬಂದರುಗಳನ್ನ ಸುತ್ತಿ ಬಂದ್ರೆ ಮುಗೀತು.”

“ನಾನು ಓದಿದವಳಲ್ಲ ಸರ್.”

“ನೋಡೋಕೆ ಬರುತ್ತಲ್ಲ, ಸಾಕು. ಉಳಿದದ್ದಕ್ಕೆ ನಾನಿದ್ದೀನಿ.”

ಹೊಸ ಜಾತಿಯಾದರೆ ಅದಕ್ಕೆ ಹೆಸರಿಡುವ ಹಕ್ಕು ಗುರುತಿಸಿದವರದು. ಅಕ್ಕ ಆ ಹೆಸರನ್ನು ಮೊದಲೇ ಹಂಚಿಬಿಟ್ಟಿದ್ದಳು. “ಇದು ನಿನ್ನ ಹೆಸರಲ್ಲೇ ಇರುತ್ತೆ ಅಜ್ಜಿ. ಲೋಕ ಇರೋವರೆಗೂ” ಎಂದಿದ್ದಳು. ಅಜ್ಜಿ ಅದನ್ನು ನಮ್ಮ ಕಟ್ಟಡದ ಮೆಟ್ಟಿಲಿನ ಉದ್ದಕ್ಕೂ ಸಾರಿದ್ದಳು. ಕೆಳಗಿನ ಔಷಧಿ ಅಂಗಡಿಯವಳು ತಮಾಷೆ ಮಾಡಿದರೆ ಅಜ್ಜಿ ಸುಮ್ಮನಿರುವವಳಲ್ಲ.

“ಏನಜ್ಜಿ, ನಿಮ್ಮ ಹೆಸರು ಹೋಗಿ ಹೋಗಿ ಹುಳಕ್ಕಾ?”

“ನಿನ್ನ ಹೆಸರು ಯಾವುದಕ್ಕಿಟ್ಟಿದ್ದಾರೆ, ಹೇಳು ನೋಡೋಣ. ಕೆಮ್ಮಿನ ಔಷಧಿಗೂ ಇಟ್ಟಿಲ್ಲ.”

ಅಕ್ಕ ಹೋದ ಮೇಲೆ ಅಜ್ಜಿ ಕತೆ ಹೇಳುವುದನ್ನು ಬಿಟ್ಟಳು. ಹೆಸರಿನ ಮಾತು ಬಿಡಲಿಲ್ಲ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕೇಳುತ್ತಿದ್ದಳು, “ಬಂತಾ?” “ಇನ್ನೂ ಇಲ್ಲ ಅಜ್ಜಿ.” “ಬೇಗ ಮಾಡಿಸು. ಅವಳು ನನಗೆ ಕೊಟ್ಟುಹೋದದ್ದು ಅದೊಂದೇ.” ಆಮೇಲೆ ಇಬ್ಬರೂ ಊಟ ಮಾಡುತ್ತಿದ್ದೆವು. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಅಕ್ಕನ ಬೂಟಿನ ತುದಿಗೆ ಹಳೆ ಕಾಗದ ತುರುಕಿ ಹಾಕಿಕೊಂಡು ಬಂದರಿಗೆ ಹೋದೆ. ಅಲ್ಲಿ ಹಡಗುಗಳ ಅಡಿಗೆ ಮುಳುಗಿ, ಅಂಟಿದ ಚಿಪ್ಪು ಪಾಚಿಗಳನ್ನು ಕೆರೆದು ತೆಗೆಯುವವನೊಬ್ಬನಿದ್ದಾನೆ. ಉಸಿರಿಗೆ ಮೇಲೆ ಬಂದಾಗ ಕತ್ತು ಮಾತ್ರ ಹೊರಗೆ ಹಾಕಿ ನಿಧಾನವಾಗಿ ಅತ್ತಿತ್ತ ನೋಡುತ್ತಾನೆಂದು ಎಲ್ಲರೂ ಅವನನ್ನು ಆಮೆ ಎನ್ನುತ್ತಾರೆ. ಅಕ್ಕನಿಗೆ ಅವನೇ ಹುಳು ತಂದುಕೊಡುತ್ತಿದ್ದುದು.

“ಬನ್ನಿ ಚಿಕ್ಕ ಮೇಡಂ” ಎಂದ. ಆಮೇಲೆ ಬೂಟು ನೋಡಿದ. “ಜೋಪಾನ. ದೊಡ್ಡ ಬೂಟು ಹಾಕ್ಕೊಂಡು ನೀರಿಗೆ ಬಿದ್ರೆ ಬೂಟು ಒಂದು ಕಡೆ, ನೀವು ಒಂದು ಕಡೆ. ನಾನು ಯಾರನ್ನ ಹಿಡಿಯಲಿ?”

“ಬೂಟನ್ನೇ ಹಿಡೀರಿ ಆಮೆಯಣ್ಣ. ಅದು ಸಂಶೋಧನಾಲಯದ್ದು.”

ಅವನು ನಕ್ಕ. ನಾನು ತಮಾಷೆ ಮಾಡಿದೆ ಎಂಬುದು ಅವನು ನಕ್ಕ ಮೇಲೆ ನನಗೆ ಹೊಳೆಯಿತು.

ಅಕ್ಕ ಗುಲಾಬಿಯನ್ನು ಹಿಡಿದದ್ದೆಲ್ಲ ಹಡಗು ಕಟ್ಟುವ ಹಳೆ ಧಕ್ಕೆಯ ಕಂಬಗಳಲ್ಲೇ. ಆ ಕಂಬಗಳ ಮೇಲೆ ಗುಲಾಬಿ ಬಣ್ಣದ ಸಣ್ಣ ಪೊದೆಗಳು ಬೆಳೆಯುತ್ತವೆ. ನೋಡಲು ಗಿಡ, ನಿಜಕ್ಕೂ ಪ್ರಾಣಿ, ಒಂದೊಂದು ಕೊಂಬೆಯ ತುದಿಗೂ ಒಂದು ಬಾಯಿ. ಹುಳು ಆ ಬಾಯಿಗಳನ್ನೇ ಮೇಯುತ್ತದೆ, ಅದರ ನಡುವೆಯೇ ಬಿಳಿ ದಾರದ ಸುರುಳಿಯಂಥ ಮೊಟ್ಟೆ ಇಡುತ್ತದೆ. ನಾನು ಆಮೆಯಣ್ಣನ ಜೊತೆ ಮುಂದಿನ ಬಂದರಿಗೆ ಹೋದೆ, ಅದರ ಮುಂದಿನದಕ್ಕೂ ಹೋದೆ. ಅವನು ದೋಣಿಗಳ ಅಡಿಯಿಂದ, ತೇಲುಪೀಪಾಯಿಗಳಿಂದ, ಹಗ್ಗಗಳಿಂದ ಕೆರೆದುಕೊಟ್ಟದ್ದನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹುಡುಕುತ್ತಿದ್ದೆ. ಗುಲಾಬಿ ಎಲ್ಲೂ ಸಿಗಲಿಲ್ಲ. ಅದರ ಬದಲು ಎಲ್ಲ ಕಡೆ ಸಿಕ್ಕಿದ್ದು ಒಂದು ಕಂದು ಬಣ್ಣದ ಹುಳು. ಅಳತೆ ಅಷ್ಟೇ, ಗೊಂಡೆಯೂ ಹಾಗೇ. ಒಣಗಿದ ಚಹಾ ಎಲೆಯ ಬಣ್ಣ. ಅದು ಕೂತಿದ್ದ ಪೊದೆಯೂ ಕಂದೇ.

“ಇದು ಬೇಡ್ವಾ?” ಎಂದು ಆಮೆಯಣ್ಣ ಕೇಳಿದ.

“ಇದು ಬೇರೆ. ಇರ್ಲಿ, ಒಂದೆರಡು ಹಾಕಿ.”

“ನಿಮ್ಮಕ್ಕ ಆಗಿದ್ರೆ ಕಪ್ಪೆ ಕೊಟ್ರೂ ಹಾಕಿ ಅಂತಿದ್ರು. ಮುಂದಿನ ತಿಂಗಳು ಬೇರೆ ಬಂದರಿಗೂ ಕರ್ಕೊಂಡು ಹೋಗು ಅಂದಿದ್ರು. ಆಮೇಲೆ ಜ್ವರ ಅಂತ ಕೇಳಿದೆ.”

ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಈ ಹುಳುಗಳ ನಾಲಗೆಯ ಮೇಲೆ ಹಲ್ಲುಗಳ ಪಟ್ಟಿ ಇರುತ್ತದೆ, ಸಣ್ಣದೊಂದು ಅರದ ಹಾಗೆ. ಮೈ ಮೆತ್ತಗೆ, ಸ್ಪಿರಿಟ್ಟಿಗೆ ಬಿದ್ದರೆ ಬಣ್ಣವೂ ಹೋಗಿಬಿಡುತ್ತದೆ, ಆದರೆ ಹಲ್ಲು ಉಳಿಯುತ್ತದೆ. ಹಾಗಾಗಿ ತಲೆಯ ಭಾಗವನ್ನು ಬ್ಲೀಚಿನಲ್ಲಿ ಕರಗಿಸಿ, ಉಳಿದ ಪಟ್ಟಿಯನ್ನು ಗಾಜಿನ ಮೇಲೆ ಹರಡಿ ನೋಡುತ್ತಾರೆ. ಕಂದು ಹುಳುವಿನ ಹಲ್ಲನ್ನು ಬರೆಯಲು ಕುಳಿತೆ. ನಡುವಿನ ಹಲ್ಲಿಗೆ ಒಂದು ಉದ್ದ ಮೊನೆ, ಅದರ ಇಕ್ಕೆಲಗಳಲ್ಲಿ ಸಣ್ಣ ಮೊನೆಗಳು. ಬುಡ ಮಾತ್ರ ಕುದುರೆ ಲಾಳದ ಹಾಗೆ ಒಳಕ್ಕೆ ಬಾಗಿದೆ. ಬರೆಯುತ್ತಾ ಬರೆಯುತ್ತಾ ನನ್ನ ಕೈ ನನಗಿಂತ ಮುಂದೆ ಹೋಗತೊಡಗಿತು. ಇನ್ನೂ ಕಣ್ಣಿಟ್ಟು ನೋಡದ ತಿರುವನ್ನು ಪೆನ್ಸಿಲ್ಲು ಆಗಲೇ ತಿರುಗಿತ್ತು. ಈ ಗೆರೆಯನ್ನು ನಾನು ಮೊದಲೇ ಬರೆದಿದ್ದೇನೆ ಎಂದು ಕೈಗೆ ಗೊತ್ತಿತ್ತು.

ಅಕ್ಕನ ಬರಹದಲ್ಲಿದ್ದ ನನ್ನ ಹಳೆಯ ಚಿತ್ರವನ್ನು ತೆಗೆದು ಕಿಟಕಿಯ ಗಾಜಿಗೆ ಹಿಡಿದು, ಹೊಸದನ್ನು ಅದರ ಮೇಲಿಟ್ಟೆ. ಒಂದರೊಳಗೊಂದು ಕೂತುಬಿಟ್ಟವು. ಆಮೇಲೆ ಕಪಾಟಿನಿಂದ ಹಳೆಯ ಗ್ರಂಥವನ್ನು ಇಳಿಸಿದೆ. ಬಹಳ ದೂರದ ಇನ್ನೊಂದು ಕಡಲಿನ ಕಂದು ಹುಳು, ಯಾರೋ ಎಂದೋ ಗುರುತಿಸಿ ಹೆಸರಿಟ್ಟದ್ದು. ಅದರ ಹಲ್ಲಿನ ಚಿತ್ರವೂ ಅದೇ. ಅಕ್ಕ ಅದನ್ನು ನೋಡದೆ ಇರಲಿಲ್ಲ. ತನ್ನ ಬರಹದಲ್ಲೇ ಹೇಳಿದ್ದಳು: ಹಲ್ಲು ಈ ಜಾತಿಯನ್ನು ಹೋಲುತ್ತದೆ, ಆದರೆ ಜೀವಂತ ಹುಳುವಿನ ಬಣ್ಣ ಬೇರೆ, ಆದ್ದರಿಂದ ಇದು ಬೇರೆ.

ಬಣ್ಣ ಒಂದೇ ಉಳಿದಿತ್ತು, ನಡುವೆ.

ಎರಡು ತೊಟ್ಟಿ ತೊಳೆದೆ. ಒಂದರಲ್ಲಿ ಹಳೆ ಧಕ್ಕೆಯ ಗುಲಾಬಿ ಹುಳುಗಳನ್ನು ಕಂದು ಪೊದೆಯ ಮೇಲೆ ಬಿಟ್ಟೆ. ಇನ್ನೊಂದರಲ್ಲಿ ಕಂದು ಹುಳುಗಳನ್ನು ಗುಲಾಬಿ ಪೊದೆಯ ಮೇಲೆ ಬಿಟ್ಟೆ. ಸರ್ ಬಂದು ಬಗ್ಗಿ ನೋಡಿ, “ಎರಡೂ ದಿಕ್ಕಿಗೆ ಮಾಡಿದ್ದು ಒಳ್ಳೇದು” ಎಂದಷ್ಟೇ ಹೇಳಿ ಹೋದರು. ದಿನಾ ನೀರು ಬದಲಿಸಿದೆ, ಪೊದೆ ಬದಲಿಸಿದೆ. ಮೊದಲು ಅವು ತಿನ್ನಲಿಲ್ಲ. ಮೂಲೆಯಲ್ಲಿ ಕೂತು ಬೆಳ್ಳಗಾದವು, ಗೊಂಡೆಗಳು ಖಾಲಿ ಗಾಜಿನ ಬೆರಳುಗಳಾದವು. ಅಜ್ಜಿಯ ಕತೆಯಲ್ಲಾದರೆ ಇಂಥ ಹೊತ್ತಿಗೆ ಯಾರಾದರೂ ಮುದುಕಿ ಬಂದು ಬುದ್ಧಿ ಹೇಳುತ್ತಾಳೆ. ಇಲ್ಲಿ ಯಾರೂ ಬರಲಿಲ್ಲ. ಹಸಿವು ತಡೆಯಲಾರದೆ ತಾವೇ ಹತ್ತಿಕೊಂಡು ಹೋಗಿ ಮೇಯತೊಡಗಿದವು.

ಒಂದು ಬೆಳಗ್ಗೆ ದೀಪ ಹಾಕಿದೆ. ಗುಲಾಬಿ ಹುಳುಗಳನ್ನು ಬಿಟ್ಟಿದ್ದ ತೊಟ್ಟಿಯಲ್ಲಿ ಅವು ಕಂದಾಗಿದ್ದವು. ಕಂದು ಹುಳುಗಳನ್ನು ಬಿಟ್ಟಿದ್ದರಲ್ಲಿ ಗುಲಾಬಿ. ಅವು ತಿಂದದ್ದು ಗೊಂಡೆಗಳ ಒಳಗೆ ಹೋಗಿ ಕೂತಿತ್ತು, ಅಷ್ಟೇ. ಬಣ್ಣ ಹುಳುವಿನದಲ್ಲ, ಊಟದ್ದು. ಅಕ್ಕ ಒಂದೇ ಧಕ್ಕೆಯ, ಒಂದೇ ಊಟದ ಹುಳುಗಳನ್ನು ನೋಡಿ, ಊಟದ ಬಣ್ಣವನ್ನು ಮೈಯ ಬಣ್ಣ ಎಂದುಕೊಂಡಿದ್ದಳು.

ಬಹಳ ಹೊತ್ತು ನಿಂತೆ. ಏನಾದರೂ ಅನ್ನಿಸಬೇಕಿತ್ತು. ಆಮೇಲೆ ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆದಿಟ್ಟೆ.

ಸರ್ ಎರಡು ಚಿತ್ರಗಳನ್ನೂ ಒಂದರ ಮೇಲೊಂದಿಟ್ಟು ನೋಡಿದರು, ತೊಟ್ಟಿಗಳನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕುಳಿತರು.

“ಇದನ್ನ ಈಗಿರೋ ಹಾಗೇ ಕಳಿಸಿದ್ರೆ ಯಾರೂ ಏನೂ ಅನ್ನಲ್ಲ. ಅವಳ ಫೋಟೋಗಳಲ್ಲಿ ಗುಲಾಬಿ ಕಾಣುತ್ತೆ. ಬೇರೆ ಯಾರಾದ್ರೂ ಕಂಡುಹಿಡಿಯೋ ಹೊತ್ತಿಗೆ ನಾನು ಮನೇಲಿ ಹೂಕುಂಡಕ್ಕೆ ನೀರು ಹಾಕ್ತಿರ್ತೀನಿ.” ಅವರು ಕನ್ನಡಕ ಒರೆಸಿದರು. “ಕಳಿಸು ಅಂತಿಲ್ಲ. ಹಾಗೂ ಒಂದು ದಾರಿ ಇದೆ ಅಂತ ನಿನಗೆ ಗೊತ್ತಿರ್ಲಿ ಅಂತ ಹೇಳಿದೆ. ನಿನ್ನ ಅಜ್ಜಿ ಹೋದ ವಾರ ನನಗೆ ಫೋನ್ ಮಾಡಿದ್ರು.”

“ಏನಂದ್ರು?”

“ಹೆಸರಿನಲ್ಲಿ ಕಾಗುಣಿತ ತಪ್ಪಾಗದ ಹಾಗೆ ನೋಡ್ಕೊಳ್ಳಿ ಅಂದ್ರು.”

ಗಾಳಿ ಊದುವ ಯಂತ್ರ ಗೊರಗೊರ ಎನ್ನುತ್ತಿತ್ತು.

“ಅದು ಯಾರು ಅಂತ ಹೇಳು ಅಂದಿದ್ಲು ಅಕ್ಕ, ಸರ್. ಹೊಸಬರು ಅಂತ ಹೇಳು ಅನ್ನಲಿಲ್ಲ.”

“ಸರಿ ಹಾಗಾದ್ರೆ” ಎಂದು ಸರ್ ಎದ್ದರು. “ದೊಡ್ಡ ಲೇಖನ ಹೋಗಿ ಸಣ್ಣ ಟಿಪ್ಪಣಿ ಆಗುತ್ತೆ. ದೂರದ ಹುಳು ಇಲ್ಲಿ ಕಂಡಿದೆ, ಹೇಗೆ ಬಂತು, ಎಲ್ಲೆಲ್ಲಿದೆ. ನಕ್ಷೆ ಮಾಡು.”

ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚುತ್ತಾ ಹೋದೆ. ನಮ್ಮ ತೀರದ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಮರಿಗಳು ನೀರಿನ ಜೊತೆ ತೇಲಿ ಹರಡಿದ್ದರೆ ಸೂಜಿಗಳೂ ಅದೇ ದಿಕ್ಕಿಗೆ ಸಾಗಬೇಕಿತ್ತು. ಅವು ಹರಿವಿಗೆ ಎದುರಾಗಿ ಹೋಗಿದ್ದವು. ಎಲ್ಲಿ ಸೂಜಿಯೋ ಅಲ್ಲಿ ಹಡಗು ನಿಲ್ಲುವ ಧಕ್ಕೆ. ನಡುವಿನ ಬಂಡೆ ತೀರಗಳಲ್ಲಿ ಪೊದೆಗಳಿದ್ದರೂ ಹುಳು ಇರಲಿಲ್ಲ. ಅತಿ ಹೆಚ್ಚು ಸಿಕ್ಕಿದ್ದು ದೂರದ ಹಡಗುಗಳು ರಿಪೇರಿಗೆ ಬರುವ ಅಂಗಳದಲ್ಲಿ. ಅಲ್ಲಿಂದ ಬೇರೆ ಬಂದರುಗಳಿಗೆ ಹಡಗುಗಳನ್ನು ಎಳೆದೊಯ್ಯುತ್ತಾ ಓಡಾಡುವ ಎಳೆದೋಣಿಯ ಅಡಿಯಲ್ಲಿ ಪೊದೆ, ಪೊದೆಯಲ್ಲಿ ಹುಳು, ಹುಳುವಿನ ಪಕ್ಕ ಮೊಟ್ಟೆಯ ಸುರುಳಿ. ಇಡೀ ಸಂಸಾರವೇ ಬಾಡಿಗೆ ಕೊಡದೆ ಪ್ರಯಾಣ ಮಾಡುತ್ತಿತ್ತು. ಆಮೆಯಣ್ಣನಿಗೆ ಹೇಳಿದೆ.

“ಅಯ್ಯೋ, ಹಾಗಾದ್ರೆ ನಾನು ಕೆರೆದು ಕೆರೆದು ನೀರಿಗೆ ಹಾಕಿದ್ದೆಲ್ಲ ಅಲ್ಲಲ್ಲೇ ಮನೆ ಹೂಡ್ತಾ ಇತ್ತಾ?”

“ಇನ್ಮೇಲೆ ಬುಟ್ಟಿಗೆ ಹಾಕಿ, ದಡಕ್ಕೆ ತನ್ನಿ.”

“ಬುಟ್ಟಿ ಯಾರು ಕೊಡ್ತಾರೆ?”

“ಸರ್ ಹತ್ರ ಕೇಳ್ತೀನಿ.”

“ಎರಡು ಕೇಳಿ. ಒಂದು ನನ್ನ ಮೀನಿಗೆ.”

ಟಿಪ್ಪಣಿ ಬರೆದು, ಸರ್ ತಿದ್ದಿ, ಕಳಿಸಿದ್ದಾಯಿತು. ಮನೆಗೆ ಹೋದೆ. ಚಪ್ಪಲಿ ಬಿಡುವಷ್ಟರಲ್ಲಿ, “ಬಂತಾ?”

ಅಡುಗೆಮನೆಯಲ್ಲಿ ಅಜ್ಜಿ ಬಟಾಣಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕುಳಿತು ಒಂದು ಹಿಡಿ ತೆಗೆದುಕೊಂಡೆ.

“ಅಜ್ಜಿ, ಆ ಹುಳಕ್ಕೆ ಮೊದಲೇ ಹೆಸರಿದೆ. ಅದು ಹೊಸದಲ್ಲ. ಬೇರೆ ಕಡಲಿಂದ ಹಡಗಿನ ಅಡಿಗೆ ಅಂಟ್ಕೊಂಡು ಬಂದಿದ್ದು. ನಿನ್ನ ಹೆಸರು ಇಡೋಕಾಗಲ್ಲ.”

ಅಜ್ಜಿಯ ಬೆರಳು ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಲೇ ಇತ್ತು.

“ಯಾರ ಹೆಸರಿದೆ ಅದಕ್ಕೆ?”

“ಯಾವುದೋ ಹಡಗಿನ ಡಾಕ್ಟರದ್ದಂತೆ. ಸತ್ತು ಬಹಳ ಕಾಲ ಆಯ್ತು.”

“ಅವನಿಗೆ ಮೊಮ್ಮಕ್ಕಳಿದ್ರಾ?”

“ಗೊತ್ತಿಲ್ಲ ಅಜ್ಜಿ.”

“ಹಾಗಾದ್ರೆ ನಿಮ್ಮಕ್ಕ ನನಗೆ ಸುಳ್ಳು ಹೇಳಿದ್ಲಾ?”

“ಇಲ್ಲ. ತಪ್ಪು ತಿಳ್ಕೊಂಡಿದ್ಲು.”

“ಏನು ವ್ಯತ್ಯಾಸ?”

“ಸುಳ್ಳು ಹೇಳೋರು ಮುಂದಿನ ಬಂದರಿಗೆ ಹೋಗಿ ನೋಡ್ತೀನಿ ಅನ್ನಲ್ಲ. ಅವಳು ಮುಂದಿನ ತಿಂಗಳು ಹೋಗೋಳಿದ್ಲು. ಹೋಗಿದ್ರೆ ನನಗೆ ಸಿಕ್ಕಿದ್ದು ಅವಳಿಗೇ ಸಿಗ್ತಿತ್ತು, ನನಗಿಂತ ಬೇಗ. ಅವಳೇ ಬಂದು ನಿನಗೆ ಹೇಳ್ತಿದ್ಲು.”

“ಅವಳು ಹೇಳಿದ್ರೆ ನಾನು ಜಗಳ ಆಡ್ತಿದ್ದೆ.”

“ಆಡು.”

“ನಿನ್ನ ಹತ್ರ ಏನು ಜಗಳ. ನೀನು ಗೋಡೆ.”

ಎದ್ದು ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು. ಆ ಸಂಜೆ ಇನ್ನು ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಗೋಡೆ ನೋಡುತ್ತಾ ತಿನ್ನುತ್ತಿದ್ದಳು. ಚಪ್ಪಲಿ ಬಿಡುವಾಗ “ಬಂತಾ” ಎಂಬ ಪ್ರಶ್ನೆಯಿಲ್ಲದ ಮನೆ ಅಕ್ಕ ಹೋದ ದಿನಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಬೇಸರವಾಗಬೇಕಿತ್ತು. ನಾನು ಮೇಜು ಒರೆಸುತ್ತಿದ್ದೆ.

ವಾರ ಕಳೆದಿರಬೇಕು. ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಅಜ್ಜಿಯ ದನಿ ಕೇಳಿಸಿತು. ಔಷಧಿ ಅಂಗಡಿಯವಳ ಜೊತೆ ಮಾತು.

“ಅದಕ್ಕೆ ಮೊದಲೇ ಯಾರೋ ಹೆಸರಿಟ್ಟಿದ್ರಂತೆ. ನಮ್ಮ ಚಿಕ್ಕವಳು ಕಂಡುಹಿಡಿದ್ಲು. ಏನೇನೋ ತಿನ್ನಿಸಿ ಬಣ್ಣ ಬದಲಾಯಿಸಿ ತೋರಿಸಿದ್ಲಂತೆ.”

“ಅಯ್ಯೋ ಪಾಪ. ನಿಮ್ಮ ಹೆಸರು?”

“ನನ್ನ ಹೆಸರು ನನ್ನ ಹತ್ರಾನೇ ಉಳೀತು, ಬಿಡು. ಹುಳಕ್ಕೆ ಕೊಟ್ಟು ನಾನೇನು ಅಂತ ಕರೆಸ್ಕೋಬೇಕಿತ್ತು?”

ನಾನು ಮೆಟ್ಟಿಲಿನ ತಿರುವಿನಲ್ಲಿ ನಿಂತೆ. ಅಂಗಡಿಯವಳು ಇಳಿದು ಹೋದಳು, ನನ್ನನ್ನು ನೋಡಿ ತಲೆಯಾಡಿಸಿದಳು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

“ಅವಳು ಹೇಳಿದ ಕೆಲಸ ಮುಗೀತಾ?” ಎಂದು ಕೇಳಿದಳು.

“ಒಂದು ಚೀಟಿ ಬರೆಯೋದು ಬಾಕಿ.”

“ನಾಳೆ ಹೋಗಿ ಬರೆದುಬಿಡು. ಅರ್ಧ ಬಿಟ್ಟು ಇನ್ನೊಂದಕ್ಕೆ ಕೈ ಹಾಕ್ಬೇಡ. ನಿನ್ನ ಚಾಳಿ ಅದು.”

ಮರುದಿನ ಬೆಳಗ್ಗೆ ಕಪಾಟಿನಿಂದ ಅಕ್ಕನ ಸೀಸೆ ತೆಗೆದೆ. ಸ್ಪಿರಿಟ್ಟಿನಲ್ಲಿ ಅವಳ ಗುಲಾಬಿ ಹುಳುಗಳು ಬೆಳ್ಳಗೆ, ಅನ್ನದ ಅಗುಳಿನ ಹಾಗೆ ತಳದಲ್ಲಿದ್ದವು. ಚೀಟಿಯನ್ನು ಸೀಸೆಯ ಒಳಗೇ ಇಡಬೇಕು. ಶಾಯಿ ಕರಗುತ್ತದೆ, ಆದ್ದರಿಂದ ಪೆನ್ಸಿಲ್ಲಿನಲ್ಲಿ ಬರೆದೆ. ಆ ಡಾಕ್ಟರನ ಹೆಸರಿರುವ ಜಾತಿಯ ಹೆಸರು, ಅಕ್ಷರ ಅಕ್ಷರ ಬಿಡಿಸಿ. ಹಳೆ ಧಕ್ಕೆ, ಗುಲಾಬಿ ಪೊದೆಯ ಮೇಲೆ. ಹಡಗಿನ ಅಡಿಗೆ ಅಂಟಿ ಬಂದದ್ದು. ಸಂಗ್ರಹಿಸಿದವರು, ಅಕ್ಕನ ಹೆಸರು. ಗುರುತಿಸಿದವರು ಎಂಬಲ್ಲಿ ಪೆನ್ಸಿಲ್ಲು ನಿಂತಿತು.

ಸರ್ ಬಾಗಿಲಲ್ಲಿ ನಿಂತು, “ಬೇಕಿದ್ರೆ ಇಬ್ಬರದ್ದೂ ಬರಿ” ಎಂದರು.

“ಅವಳ ಚೀಟಿ ಒಳಗಿದೆ ಸರ್.”

ನಮ್ಮಲ್ಲಿ ಹಳೆಯ ಚೀಟಿಯನ್ನು ತೆಗೆಯುವಂತಿಲ್ಲ. ಮೊದಲು ನೋಡಿದವರು ಏನೆಂದುಕೊಂಡರು, ಆಮೇಲೆ ನೋಡಿದವರು ಏನೆಂದರು, ಎರಡೂ ಒಂದೇ ಸೀಸೆಯಲ್ಲಿ ಇರಬೇಕು. ಗಾಜಿನಾಚೆಯಿಂದ ಅಕ್ಕನ ಬರಹ ಕಾಣುತ್ತಿತ್ತು. ಅವಳ ಅಕ್ಷರಗಳು ಯಾವಾಗಲೂ ಎಡಕ್ಕೆ ವಾಲಿರುತ್ತವೆ. ಹೊಸ ಜಾತಿ ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಗುರುತಿಸಿದವರು ಎಂಬಲ್ಲಿ ನನ್ನ ಹೆಸರು ಬರೆದೆ. ಮುಚ್ಚಳ ತಿರುಗಿಸಿದೆ, ಸ್ಪಿರಿಟ್ಟಿನ ವಾಸನೆ ಮೂಗಿಗೆ ಹತ್ತಿ ಕಣ್ಣು ಉರಿಯಿತು. ಇಕ್ಕಳದಲ್ಲಿ ಚೀಟಿ ಹಿಡಿದು ಒಳಗಿಳಿಸಿದೆ. ಅದು ಸ್ವಲ್ಪ ಹೊತ್ತು ತೇಲಿ, ತೊಯ್ದು, ಅಕ್ಕನ ಚೀಟಿಯ ಪಕ್ಕ ತಳ ಸೇರಿತು. ಮುಚ್ಚಳ ಬಿಗಿಮಾಡಿ ಸೀಸೆಯನ್ನು ಕಪಾಟಿನಲ್ಲಿಟ್ಟೆ.